ತಿರುಗುಮುರುಗಾದ ಅಂಚು

ಉತ್ತರ 0.3006ರ ಹತ್ತಿರ ಬರಬೇಕಿತ್ತು. ಬರಲಿಲ್ಲ. ತೀರಾ ದೂರವೂ ಇರಲಿಲ್ಲ, ಅದೇ ತಲೆನೋವು. ದೊಡ್ಡ ತಪ್ಪಾದರೆ ಬೇಗ ಕಣ್ಣಿಗೆ ಬೀಳುತ್ತದೆ. ಇದು ಬೆಳಗಿನಿಂದ ಸಂಜೆಯವರೆಗೂ ನನ್ನನ್ನು ಕಾಡಿತು.

ಲೆಕ್ಕವೇನೂ ಹೊಸದಲ್ಲ, ಸ್ಕೋರ್ಡೆಲಿಸ್-ಲೋ ಚಾವಣಿ. ಶೆಲ್ ಎಂದರೆ ತೆಳುವಾದ, ಬಾಗಿದ ಹಾಳೆ. ಅದು ಭಾರಕ್ಕೆ ಎಷ್ಟು ಬಾಗುತ್ತದೆ ಎಂದು ಲೆಕ್ಕ ಹಾಕುವ ಪ್ರೋಗ್ರಾಂ ಬರೆದವರೆಲ್ಲ ಒಮ್ಮೆ ಈ ಪರೀಕ್ಷೆಯ ಮುಂದೆ ಕೈಕಟ್ಟಿ ನಿಲ್ಲಲೇಬೇಕು. ಕೊಳವೆಯನ್ನು ಉದ್ದಕ್ಕೆ ಸೀಳಿ ಬೋರಲು ಇಟ್ಟ ಹಾಗಿನ ಆಕಾರ. ತ್ರಿಜ್ಯ 25, ಉದ್ದ 50, ದಪ್ಪ ಬರೀ 0.25. ಎರಡು ತುದಿಗೆ ಆಸರೆ ಉಂಟು, ಎರಡು ಪಕ್ಕಕ್ಕೆ ಏನೂ ಇಲ್ಲ. ತನ್ನ ತೂಕಕ್ಕೆ ತಾನೇ ಬಾಗಿದಾಗ ಪಕ್ಕದ ಅಂಚಿನ ನಡುಭಾಗ ಎಷ್ಟು ಇಳಿಯಿತು ಅನ್ನುವುದೇ ಪ್ರಶ್ನೆ. ಹಳೆಯ ಪಟ್ಟಿಗಳಲ್ಲಿ 0.3024 ಎಂದಿರುತ್ತದೆ. ನಾನು ಬಳಸುವ ತೆಳು ಶೆಲ್ ಸಿದ್ಧಾಂತ 0.3006ಕ್ಕೆ ಬಂದು ನಿಲ್ಲುತ್ತದೆ.

ಇಡೀ ಚಾವಣಿ ಒಂದೇ ಪ್ಯಾಚ್, ಅಂದರೆ ಒಂದೇ ಹಾಳೆ, ಆಗಿದ್ದಾಗ ಎಲ್ಲ ಸರಿಯಿತ್ತು. ಆಮೇಲೆ ನೆತ್ತಿಯ ಉದ್ದಕ್ಕೂ ಅದನ್ನು ಎರಡು ಮಾಡಿದೆ. ಲೆಕ್ಕಕ್ಕೆಂದು ಎಡಭಾಗವನ್ನು ಉದ್ದುದ್ದ 9 ಮನೆಗಳಾಗಿ ಹಂಚಿದೆ, ಬಲಭಾಗವನ್ನು 13. ಬೇಕೆಂದೇ ಹೊಂದದ ಹಾಗೆ.

ಯಾಕೆ ಈ ಉಸಾಬರಿ? 2005ರಲ್ಲಿ ಹ್ಯೂಸ್, ಕಾಟ್ರೆಲ್, ಬಾಜಿಲೆವ್ಸ್ ಮೂವರೂ ಸೇರಿ, ವಸ್ತುಗಳ ನಕ್ಷೆ ಬರೆಯುವ ಕಂಪ್ಯೂಟರ್ ತಂತ್ರಾಂಶವಾದ ಕ್ಯಾಡ್‌ನಲ್ಲಿ ಆಕಾರ ಬರೆಯಲು ಬಳಸುವ ನುಣುಪು ಗೆರೆಗಳಾದ ಸ್ಪ್ಲೈನ್‌ಗಳಿಂದಲೇ ಲೆಕ್ಕವನ್ನೂ ಮಾಡೋಣ ಎಂದರು. ಐಸೊಜಿಯೊಮೆಟ್ರಿಕ್ ಅನಾಲಿಸಿಸ್ ಹುಟ್ಟಿದ್ದು ಹಾಗೆ. ಚೆಂದದ ವಿಚಾರ. ಆದರೆ ಕ್ಯಾಡ್‌ನ ವಸ್ತು ಒಂದೇ ಹಾಳೆಯಲ್ಲ, ಹತ್ತಾರು ಪ್ಯಾಚ್‌ಗಳ ಕೌದಿ. ಮನೆ ಹೆಚ್ಚಿಸಲು ಒಂದರಲ್ಲಿ ಒಂದು ಗೆರೆ ಸೇರಿಸಿದರೆ ಅದು ಈ ತುದಿಯಿಂದ ಆ ತುದಿಗೆ ಓಡುತ್ತದೆ. ನೆರೆಯ ಪ್ಯಾಚ್ ಹೊಂದಬೇಕೆಂದರೆ ಅಲ್ಲಿಗೂ, ಅದರ ನೆರೆಗೂ. ಅದಕ್ಕಿಂತ ಹೊಂದದ ಅಂಚುಗಳನ್ನು ಇದ್ದ ಹಾಗೇ ಜೋಡಿಸುವುದು ವಾಸಿ. ಅಮ್ಮ ಊರಲ್ಲಿ ರವಿಕೆ ಹೊಲಿಯುತ್ತಾರೆ. ಅವರಿಗೆ ಇದನ್ನು ಹೇಳಿದಾಗ, "ತೋಳಿನ ಸುತ್ತಳತೆ ಜಾಸ್ತಿ ಆದ್ರೆ ಸುರುಗು ಹಿಡಿದು ಕೂರಿಸ್ತೀವಿ, ಅದೇ ಅಲ್ವಾ?" ಎಂದಿದ್ದರು. ಹೆಚ್ಚುಕಡಿಮೆ ಅದೇ.

ನಾನು ಹಿಡಿದದ್ದು ಪೆನಾಲ್ಟಿ ದಾರಿ. ಎರಡು ಅಂಚುಗಳ ನಡುವೆ ಗಟ್ಟಿ ಸ್ಪ್ರಿಂಗ್ ಸಾಲು ಇಟ್ಟ ಹಾಗೆ. ಸ್ಥಾನ ಒಂದನ್ನೇ ಕಟ್ಟಿದರೆ ನೆತ್ತಿ ಬಾಗಿಲಿನ ಕೀಲಿನ ಹಾಗೆ ಮಡಚಿಕೊಳ್ಳುತ್ತದೆ. ಹಾಗಾಗಿ ತಿರುವನ್ನೂ ಕಟ್ಟಬೇಕು, ಕಟ್ಟಿದ್ದೆ. ಅಂಚಿನ ಮೇಲಿನ ಸ್ಪ್ರಿಂಗ್ ಸಾಲಿನ ಮೊತ್ತ ತೆಗೆಯಲು ಎರಡೂ ಕಡೆಯ ಗಂಟುಗಳನ್ನು, ಅಂದರೆ ಮನೆಗಳ ಗಡಿಗಳನ್ನು, ಒಟ್ಟು ಮಾಡಿ ಅಂಚನ್ನು 21 ತುಂಡು ಮಾಡಿದ್ದೆ. ಒಂದೇ ಕಡೆಯ ಮನೆಗಳನ್ನು ನಂಬಿದರೆ, ಇನ್ನೊಂದು ಕಡೆಯ ಗಂಟು ತುಂಡಿನ ನಡುವೆ ಬಂದು ಮೊತ್ತ ಕೆಡುತ್ತದೆ. ಇಷ್ಟೆಲ್ಲ ಮುತುವರ್ಜಿ ವಹಿಸಿದರೂ ಚಾವಣಿ ಬಾಗಬೇಕಾದಷ್ಟು ಬಾಗಲಿಲ್ಲ.

ಆ ಸ್ಪ್ರಿಂಗ್ ಸಾಲು ಎಷ್ಟು ಗಟ್ಟಿ ಎಂದು ಹೇಳುವ ಪೆನಾಲ್ಟಿ ಸಂಖ್ಯೆ ಮೇಲೆ ಅನುಮಾನ ಬಂತು. ಜಾಸ್ತಿಯಾದರೆ ಸಮೀಕರಣಗಳೇ ಹದಗೆಡುತ್ತವೆ, ಕಡಿಮೆಯಾದರೆ ಹೊಲಿಗೆ ಸಡಿಲ. 1000 ಇದ್ದದ್ದನ್ನು 100 ಮಾಡಿದೆ, 10000 ಮಾಡಿದೆ. ಉತ್ತರ ಜಗ್ಗಲಿಲ್ಲ. ಮಧ್ಯಾಹ್ನ ಪೂರ್ತಿ ಅದರಲ್ಲೇ ಹೋಯಿತು. ಈಗ ನೆನೆದರೆ ನಾಚಿಕೆ. ಜಗ್ಗದ ತಿರುಪನ್ನು ಅಷ್ಟು ಹೊತ್ತು ಯಾರಾದರೂ ತಿರುಗಿಸುತ್ತಾರಾ?

ಪಕ್ಕದ ಮೇಜಿನಲ್ಲಿ ಧಾರವಾಡದವರೊಬ್ಬರಿದ್ದಾರೆ. ಕಾಫಿ ಲೋಟ ಹಿಡಿದುಕೊಂಡೇ ನನ್ನ ಪರದೆ ನೋಡಿದರು. "ಮೇಡಂ, ಎಲ್ಲಾ ಕಡೆ ಒಂದೇ ಭಾರ ಹಾಕಿದ್ರ ಏನ್ ಗೊತ್ತಾಗ್ತದರಿ? ಮುಂದಿನ ಅರ್ಧಕ್ಕಷ್ಟ ಹಾಕಿ ನೋಡ್ರಿ."

ಸುಮ್ನೆ ಹಾಕಿದೆ. ನೆತ್ತಿಯ ಉದ್ದಕ್ಕೂ ಚಾವಣಿ ಬಾಯಿ ಬಿಟ್ಟಿತು. ಎಡದ ಹಾಳೆಯ ಅಂಚು ಒಂದು ಕಡೆ, ಬಲದ್ದು ಇನ್ನೊಂದು ಕಡೆ. ತಮಾಷೆಯೆಂದರೆ, ಅಂಚುಗಳ ನಡುವಿನ ಅಂತರ ಎಷ್ಟೆಂದು ಪ್ರೋಗ್ರಾಂ ಅಳೆದು ತೋರಿಸುವ ಸಂಖ್ಯೆ ಮಾತ್ರ ಸೊನ್ನೆಯ ಹತ್ತಿರವೇ ಇತ್ತು. ಅದರ ಪ್ರಕಾರ ಹೊಲಿಗೆ ಗಟ್ಟಿ.

ಆಗ ಹೊಳೆಯಿತು. ಬಲಭಾಗವನ್ನು ನಾನು ಹೊಸದಾಗಿ ಬರೆದಿರಲಿಲ್ಲ. ಎಡಭಾಗವನ್ನೇ 180 ಡಿಗ್ರಿ ತಿರುಗಿಸಿಟ್ಟು, ಮನೆಗಳನ್ನು ಹೆಚ್ಚಿಸಿದ್ದೆ ಅಷ್ಟೇ. ತಿರುಗಿಸಿದಾಗ ಅಂಚಿನ ದಿಕ್ಕೂ ತಿರುಗಿತ್ತು. ಅಂಚಿನ ಒಂದು ತುದಿ 0, ಇನ್ನೊಂದು 1 ಎಂದರೆ, ಎಡದ 0.2ನ್ನು ಬಲದ 0.2ಕ್ಕೇ ಕಟ್ಟಿದ್ದೆ. ಬಲದ 0.2 ಇದ್ದದ್ದು ಚಾವಣಿಯ ಆ ತುದಿಯ ಹತ್ತಿರ. ಕಟ್ಟಬೇಕಿದ್ದದ್ದು 0.8ಕ್ಕೆ. ಗಂಟುಗಳು ಸಮ ದೂರದಲ್ಲಿದ್ದುದರಿಂದ ಹಿಂದುಮುಂದಾದರೂ ಅದೇ 21 ತುಂಡು. ಸಮ ಭಾರದಲ್ಲಿ ಇಳಿತವೂ ಎರಡು ತುದಿಯಿಂದ ಒಂದೇ ಥರ, ಅಲ್ಲಿ ಯಾವ ಜಗಳವೂ ಇಲ್ಲ. ಆದರೆ ಉದ್ದುದ್ದ ಸರಿಯುವುದು ಮಾತ್ರ ಎರಡು ತುದಿಯಲ್ಲಿ ಎದುರುಬದುರು. ಎದುರುಬದುರಾದವನ್ನು ಒಂದಕ್ಕೊಂದು ಕಟ್ಟಿದ್ದರಿಂದ ನೆತ್ತಿ ಉದ್ದುದ್ದ ಸರಿಯಲಾಗದೆ ಮರಗಟ್ಟಿ ನಿಂತಿತ್ತು. ಬಾಗುವಿಕೆ ಕಡಿಮೆಯಾದದ್ದು ಅದರಿಂದ.

ಒಂದು ಸಾಲು ತಿದ್ದಿದೆ. ಅರ್ಧ ಭಾರದಲ್ಲೂ ನೆತ್ತಿ ಬಿರಿಯಲಿಲ್ಲ. ಪೂರ್ತಿ ಭಾರಕ್ಕೆ 0.3006ರ ಪಕ್ಕದಲ್ಲೇ ಉತ್ತರ. ಧಾರವಾಡದವರಿಗೆ ತೋರಿಸೋಣ ಎಂದು ತಿರುಗಿದರೆ ಅವರು ಬಸ್ಸಿಗೆ ಹೊರಟಾಗಿತ್ತು.

ಮರುದಿನ ತೆರೆದದ್ದು ನಿಜವಾದ ಕ್ಯಾಡ್ ಫೈಲ್. ಅದರಲ್ಲಿ ಅಂಚು ನೇರವಿಲ್ಲ, ಎರಡು ಪ್ಯಾಚ್‌ಗಳ ನಡುವೆ ಕೂದಲೆಳೆಯಷ್ಟು ಸಂದಿ ಬೇರೆ. ಎಡದ ಯಾವ ಬಿಂದುವಿಗೆ ಬಲದ ಯಾವ ಬಿಂದು ಹತ್ತಿರ ಎಂದು ಒಂದೊಂದಕ್ಕೂ ಹುಡುಕಿಸಬೇಕು. ದಿಕ್ಕಿನ ತಲೆನೋವು ಅಲ್ಲಿ ತಾನಾಗಿಯೇ ಹೋಯಿತು. ಬೇರೆ ನಾಲ್ಕು ಬಂದವು.