ಜರ್ಮನಿಯ ಸಿಮ್ ನಿಮ್ಮ ಹೆಸರಿನಲ್ಲೇ ಇರಲಿ

ಈ ಅಕ್ಟೋಬರ್‌ ಸೆಮಿಸ್ಟರ್‌ಗೆ ಜರ್ಮನಿಯ ಆಖೆನ್ ಊರಿಗೆ ಓದಲು ಬರುತ್ತಿರುವ ನಾಲ್ಕೈದು ಮಂದಿ ಒಂದೇ ವಾರದಲ್ಲಿ ನನ್ನನ್ನು ಕೇಳಿದರು, "ಅಕ್ಕಾ, ಅಲ್ಲಿ ಯಾವ ಸಿಮ್ ತಗೋಬೇಕು?" ಅಂತ. ಎಷ್ಟು ಜಿಬಿ, ಎಷ್ಟು ಯೂರೋ ಅನ್ನುವುದನ್ನೆಲ್ಲ ಎರಡು ನಿಮಿಷದಲ್ಲಿ ಹೇಳಿಬಿಡಬಹುದು. ಅದಕ್ಕೂ ಮೊದಲು ಒಂದು ಮಾತು. ಕಂಪನಿ ಯಾವುದಾದರೂ ಆಗಲಿ, ಸಿಮ್ ಮಾತ್ರ ನಿಮ್ಮ ಪಾಸ್‌ಪೋರ್ಟ್ ತೋರಿಸಿ ನಿಮ್ಮ ಹೆಸರಿನಲ್ಲೇ ತೆಗೆದುಕೊಂಡದ್ದಾಗಿರಬೇಕು. ನನ್ನ ಮೊದಲ ನಾಲ್ಕು ತಿಂಗಳು ಕೈಯಲ್ಲಿದ್ದ ನಂಬರ್ ಹಾಗಿರಲಿಲ್ಲ.

ನಾನು ಇಲ್ಲಿಗೆ ಬಂದದ್ದು 2022ರ ಅಕ್ಟೋಬರ್ 1ರಂದು, ಶನಿವಾರ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು, ಕೊಲೋನ್‌ನಲ್ಲಿ ರೈಲು ಬದಲಾಯಿಸಿ, ಎರಡು ಸೂಟ್‌ಕೇಸ್ ಎಳೆದುಕೊಂಡು ಆಖೆನ್ ಮುಟ್ಟುವ ಹೊತ್ತಿಗೆ ರಾತ್ರಿಯಾಗಿತ್ತು. ಮಾರನೇ ದಿನ ಭಾನುವಾರ. ಇಲ್ಲಿ ಭಾನುವಾರ ಸೂಪರ್‌ಮಾರ್ಕೆಟ್ ಬಾಗಿಲು ತೆಗೆಯುವುದಿಲ್ಲ. ಅದರ ಮಾರನೇ ದಿನ ಅಕ್ಟೋಬರ್ 3, ಎರಡು ಜರ್ಮನಿ ಒಂದಾದ ದಿನ ಅಂತ ದೇಶಕ್ಕೆಲ್ಲ ರಜೆ. ಅಂದರೆ ಸಿಮ್ ಬೇಕೆಂದರೆ ಮಂಗಳವಾರದ ತನಕ ಕಾಯಬೇಕು. ನನ್ನ ದಾವಣಗೆರೆಯ ಸಿಮ್‌ನಲ್ಲಿ ರೋಮಿಂಗ್ ಪ್ಯಾಕ್ ಹಾಕಿಸಿರಲಿಲ್ಲ. ಹಾಸ್ಟೆಲ್ ವೈಫೈಗೆ ಪಾಸ್‌ವರ್ಡ್ ಕೊಡುವವರಿಗೂ ರಜೆ. ಮನೆಯಲ್ಲಿ ಅಮ್ಮ ಫೋನ್ ಹಿಡಿದುಕೊಂಡು ಕೂತಿರುತ್ತಾರೆ ಅಂತ ನನಗೆ ಗೊತ್ತಿತ್ತು.

ಭಾನುವಾರ ರೈಲ್ವೆ ಸ್ಟೇಷನ್ ಕಡೆ ನಡೆದುಕೊಂಡು ಹೋದೆ. ಅಲ್ಲೊಂದು ಸಣ್ಣ ಅಂಗಡಿ ತೆರೆದಿತ್ತು. ಇಪ್ಪತ್ತು ಯೂರೋ ಕೊಟ್ಟೆ, ಅವನು ಡ್ರಾಯರ್‌ನಿಂದ ಒಂದು ಸಿಮ್ ತೆಗೆದು ನನ್ನ ಫೋನ್‌ಗೆ ಹಾಕಿದ, "ಆಗಲೇ ಆಕ್ಟಿವ್ ಇದೆ, ಪಾಸ್‌ಪೋರ್ಟ್ ಬೇಡ" ಅಂದ. ಎರಡೇ ನಿಮಿಷ. ಅಲ್ಲೇ ಫುಟ್‌ಪಾತ್ ಮೇಲೆ ನಿಂತು ಮನೆಗೆ ವಿಡಿಯೋ ಕಾಲ್ ಮಾಡಿದೆ. "ಏನೇ, ಎರಡು ದಿನದಿಂದ ಒಂದು ಫೋನೂ ಇಲ್ಲ" ಅಂತ ಅಮ್ಮ ಅತ್ತರು. ಆಗ ಆ ಅಂಗಡಿಯವನು ದೇವರ ಹಾಗೆ ಕಂಡಿದ್ದ.

ಪಾಸ್‌ಪೋರ್ಟ್ ಬೇಡ ಅಂದದ್ದು ಯಾಕೆ ತಪ್ಪು ಅನ್ನುವುದು ನನಗೆ ಆಮೇಲೆ ತಿಳಿಯಿತು. ಜರ್ಮನಿಯಲ್ಲಿ 2017ರ ಜುಲೈ 1ರಿಂದ ಗುರುತಿನ ಚೀಟಿ ಪರಿಶೀಲಿಸದೆ ಪ್ರೀಪೇಯ್ಡ್ ಸಿಮ್ ಚಾಲೂ ಮಾಡುವ ಹಾಗಿಲ್ಲ. ಭಯೋತ್ಪಾದನೆ ತಡೆಯಲು 2016ರಲ್ಲಿ ತಂದ ಕಾನೂನಿನ ಭಾಗ ಅದು. ಹೆಸರು, ವಿಳಾಸ, ಹುಟ್ಟಿದ ದಿನಾಂಕ ಕಂಪನಿಯ ದಾಖಲೆಯಲ್ಲಿ ಇರಲೇಬೇಕು. ಹಾಗಾದರೆ ಆಗಲೇ ಆಕ್ಟಿವ್ ಆಗಿರುವ ಸಿಮ್ ಅಂದರೆ ಏನರ್ಥ? ಬೇರೆ ಯಾರೋ ಅದಕ್ಕೆ ತಮ್ಮ ಹೆಸರು ಕೊಟ್ಟಿದ್ದಾರೆ, ಅಷ್ಟೇ ಅಲ್ವಾ.

ಆ ನಂಬರನ್ನೇ ನಾನು ಎಲ್ಲ ಕಡೆ ಕೊಟ್ಟೆ. ಬ್ಯಾಂಕಿಗೆ, ಆರೋಗ್ಯ ವಿಮೆಗೆ, ಹಾಸ್ಟೆಲ್ ಆಫೀಸಿಗೆ, ವೀಸಾ ಆಫೀಸಿಗೆ, ಪಾರ್ಟ್ ಟೈಮ್ ಕೆಲಸಕ್ಕೆ ಹಾಕಿದ ಪ್ರತಿ ಅರ್ಜಿಗೂ. ಫೆಬ್ರವರಿಯ ಒಂದು ಬೆಳಿಗ್ಗೆ ಎದ್ದು ನೋಡಿದರೆ ಸಿಗ್ನಲ್ ಇಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿದೆ, ಸಿಮ್ ತೆಗೆದು ಒರೆಸಿ ಹಾಕಿದೆ, ಏನೂ ಆಗಲಿಲ್ಲ. ಗೆಳತಿಯ ಫೋನ್‌ನಿಂದ ಕಸ್ಟಮರ್ ಕೇರ್‌ಗೆ ಮಾಡಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ: ಸಿಮ್ ಯಾರ ಹೆಸರಿನಲ್ಲಿದೆ, ಅವರ ಹುಟ್ಟಿದ ದಿನಾಂಕ ಏನು? ನನ್ನ ಹತ್ತಿರ ಎರಡಕ್ಕೂ ಉತ್ತರ ಇರಲಿಲ್ಲ. ನಾಲ್ಕು ತಿಂಗಳು ನಾನೇ ರೀಚಾರ್ಜ್ ಮಾಡಿಸಿದ್ದೇನೆ, ರಸೀದಿ ಇದೆ ಅಂದೆ. ರಸೀದಿ ನೋಡಿ ನಂಬರ್ ಕೊಡುವುದಿಲ್ಲ ಅಂದರು. ಅವರ ಕಡೆಯಿಂದ ನೋಡಿದರೆ ಅದು ಸರಿಯೇ. ಸ್ಟೇಷನ್ ಹತ್ತಿರದ ಅಂಗಡಿಗೆ ಓಡಿದೆ. ಅಲ್ಲಿ ಬೇರೆ ಯಾರೋ ಇದ್ದರು, ನಮಗೆ ಗೊತ್ತಿಲ್ಲ ಅಂದರು.

ನಂಬರ್ ಹೋದರೆ ಏನೆಲ್ಲ ಹೋಗುತ್ತದೆ ಅಂತ ಮೊದಲೇ ಯೋಚಿಸಿರಲಿಲ್ಲ. ಬ್ಯಾಂಕಿನ ಕೋಡ್ ಆ ನಂಬರಿಗೇ ಬರುತ್ತಿತ್ತು. ಹೊಸ ನಂಬರ್ ಸೇರಿಸಿ ಅಂದರೆ ಅದಕ್ಕೊಂದು ಕೋಡ್ ಅಂಚೆಯಲ್ಲಿ ಕಳಿಸುತ್ತೇವೆ ಅಂದರು, ಕಾಗದ ಕೈಗೆ ಬರುವಷ್ಟರಲ್ಲಿ ಎಂಟು ದಿನ. ಆ ತಿಂಗಳ ಬಾಡಿಗೆಯನ್ನು ಗೆಳತಿ ಕಟ್ಟಿದಳು. ಒಂದು ಲ್ಯಾಬ್‌ನಿಂದ ಕೆಲಸಕ್ಕೆ ಕರೆಯಲು ಎರಡು ಸಲ ಫೋನ್ ಮಾಡಿದ್ದರಂತೆ. ಇಮೇಲ್ ನೋಡಿ ನಾನು ಉತ್ತರ ಬರೆಯುವ ಹೊತ್ತಿಗೆ ಬೇರೆಯವರನ್ನು ತೆಗೆದುಕೊಂಡಿದ್ದರು. ಆ ಬೇಸರ ಈಗಲೂ ಇದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇನ್ನೊಂದು ವಿಷಯ ಕೂಡ ಆಗಲೇ ಗೊತ್ತಾದದ್ದು. ಜರ್ಮನಿಯಲ್ಲಿ 2009ರಿಂದ ಚಾಲೂ ಇರುವ ಸಿಮ್ ಇಲ್ಲದೆ 112ಕ್ಕೂ ಕರೆ ಹೋಗುವುದಿಲ್ಲ. ಸುಳ್ಳು ಕರೆಗಳು ಜಾಸ್ತಿಯಾದವು ಅಂತ ಹಾಗೆ ಮಾಡಿದರು. ಸಿಮ್ ಇಲ್ಲದಿದ್ದರೂ ಎಮರ್ಜೆನ್ಸಿ ಕರೆ ಹೋಗುತ್ತದೆ ಅಂತ ನಂಬಿಕೊಂಡು ಬಂದವಳು ನಾನು.

ಈಗ ಸರಿಯಾದ ದಾರಿ ಹೇಳುತ್ತೇನೆ. ಇಲ್ಲಿ ಪ್ರೀಪೇಯ್ಡ್ ಸಿಮ್ ಸೂಪರ್‌ಮಾರ್ಕೆಟ್‌ನ ಕ್ಯಾಷ್ ಕೌಂಟರ್ ಹತ್ತಿರವೇ ಸಿಗುತ್ತದೆ. ಆಲ್ಡಿಯಲ್ಲಿ ಆಲ್ಡಿ ಟಾಕ್, ಲಿಡ್ಲ್‌ನಲ್ಲಿ ಲಿಡ್ಲ್ ಕನೆಕ್ಟ್. ಹತ್ತು ಯೂರೋ ಆಸುಪಾಸಿನಲ್ಲಿ ಒಂದು ಪ್ಯಾಕೆಟ್. ಇವರಿಗೆ ಸ್ವಂತ ಟವರ್ ಇಲ್ಲ. ಆಲ್ಡಿ ಟಾಕ್ ಓಡುವುದು ಓ2 ನೆಟ್‌ವರ್ಕ್ ಮೇಲೆ, ಲಿಡ್ಲ್ ಕನೆಕ್ಟ್ ವೊಡಾಫೋನ್ ಮೇಲೆ, ಕಾಂಗ್‌ಸ್ಟಾರ್ ಅನ್ನುವುದು ಡಾಯ್ಚೆ ಟೆಲಿಕಾಮ್ ಕಂಪನಿಯದೇ ಮಗು. ಹೀಗಾಗಿ ಹೆಸರು ಹತ್ತಾರು ಕಂಡರೂ ಹಿಂದಿರುವುದು ಹೆಚ್ಚಾಗಿ ಈ ಮೂರೇ. ನೀವು ಇರುವ ಮನೆಯಲ್ಲಿ ಯಾವುದು ಚೆನ್ನಾಗಿ ಸಿಗುತ್ತದೆ ಅಂತ ಪಕ್ಕದ ರೂಮಿನವರನ್ನು ಕೇಳಿ, ಅದಕ್ಕಿಂತ ಒಳ್ಳೆಯ ಲೆಕ್ಕ ಇಲ್ಲ. ಹಳೇ ಕಟ್ಟಡಗಳ ಗೋಡೆ ದಪ್ಪ, ಬೀದಿಯಲ್ಲಿ ಸಿಕ್ಕಿದ್ದು ಒಳಗೆ ಸಿಗುವುದಿಲ್ಲ.

ಪ್ಯಾಕೆಟ್ ಕೊಂಡ ಕೂಡಲೇ ಸಿಮ್ ಓಡುವುದಿಲ್ಲ. ನಮ್ಮೂರಲ್ಲಿ ಆಧಾರ್ ನಂಬರ್ ಹೇಳಿ ಬೆರಳೊತ್ತಿದರೆ ಮುಗಿಯಿತು. ಇಲ್ಲಿ ನಿಮ್ಮ ಮುಖ ಮತ್ತು ಪಾಸ್‌ಪೋರ್ಟ್ ಎರಡನ್ನೂ ಯಾರಾದರೂ ನೋಡಬೇಕು. ಒಂದು ದಾರಿ ವಿಡಿಯೋ ಐಡೆಂಟ್. ಫೋನ್ ಕ್ಯಾಮೆರಾ ಮುಂದೆ ಕೂತು, ಪಾಸ್‌ಪೋರ್ಟ್ ಹಿಡಿದು ಆ ಕಡೆ ಈ ಕಡೆ ವಾಲಿಸಿ ಹೊಳೆಯುವ ಗುರುತುಗಳನ್ನು ತೋರಿಸುವುದು. ನಾನು ಅರ್ಧ ಗಂಟೆ ಸಾಲಿನಲ್ಲಿ ಕಾದು ನನ್ನ ಸರದಿ ಬಂದ ಮೇಲೆ, ಭಾರತದ ಪಾಸ್‌ಪೋರ್ಟ್ ನಮ್ಮ ಪಟ್ಟಿಯಲ್ಲಿ ಇಲ್ಲ ಅಂತ ಕಟ್ ಮಾಡಿದರು. ಹಾಗಾಗಿ ಪ್ಯಾಕೆಟ್ ಕೊಳ್ಳುವ ಮೊದಲೇ ಆ ಕಂಪನಿಯ ಪಟ್ಟಿಯಲ್ಲಿ ನಮ್ಮ ಪಾಸ್‌ಪೋರ್ಟ್ ಇದೆಯಾ, ಪೋಸ್ಟ್ ಐಡೆಂಟ್ ಇದೆಯಾ ಅಂತ ನೋಡಿಕೊಳ್ಳಿ.

ಪೋಸ್ಟ್ ಐಡೆಂಟ್ ಅಂದರೆ ಪೋಸ್ಟ್ ಆಫೀಸ್ ಕೌಂಟರ್‌ನಲ್ಲಿ ಗುರುತು ತೋರಿಸುವುದು. ಆನ್‌ಲೈನ್ ಫಾರ್ಮ್ ತುಂಬಿದರೆ ಒಂದು ಕೂಪನ್ ಬರುತ್ತದೆ, ಅದನ್ನೂ ಪಾಸ್‌ಪೋರ್ಟನ್ನೂ ತೆಗೆದುಕೊಂಡು ಹೋಗಬೇಕು. ದುಡ್ಡೇನೂ ಇಲ್ಲ. ಇಲ್ಲಿ ನಮ್ಮ ಕರ್ನಾಟಕದವರಿಗೆ ಒಂದು ದೊಡ್ಡ ತೊಡಕಿದೆ, ಅದು ಇನಿಷಿಯಲ್. ನನ್ನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಬಿಇ ಸರ್ಟಿಫಿಕೇಟ್, ಎಲ್ಲದರಲ್ಲೂ ಹೆಸರಿನ ಮುಂದೆ 'ಎಸ್' ಅಷ್ಟೇ. ಪಾಸ್‌ಪೋರ್ಟ್‌ನಲ್ಲಿ ಮಾತ್ರ ಸರ್‌ನೇಮ್ ಜಾಗದಲ್ಲಿ ಅಪ್ಪನ ಪೂರ್ತಿ ಹೆಸರು. ಅಭ್ಯಾಸಬಲದಿಂದ ಫಾರ್ಮ್‌ನಲ್ಲಿ ನಾಖ್‌ನಾಮೆ, ಅಂದರೆ ಸರ್‌ನೇಮ್, ಕೇಳಿದಲ್ಲಿ 'ಎಸ್' ಅಂತ ಹಾಕಿದ್ದೆ. ಕೌಂಟರ್‌ನ ಹೆಂಗಸು ಕೂಪನ್ ನೋಡಿದರು, ಪಾಸ್‌ಪೋರ್ಟ್ ನೋಡಿದರು, ತಲೆ ಅಲ್ಲಾಡಿಸಿ ಎರಡನ್ನೂ ವಾಪಸ್ ಕೊಟ್ಟರು. ಒಂದೊಂದು ಅಕ್ಷರವೂ ಹೊಂದಬೇಕು. ಮನೆಗೆ ಬಂದು ಹೊಸದಾಗಿ ಫಾರ್ಮ್ ತುಂಬಿ ಮಾರನೇ ದಿನ ಹೋದೆ, ಐದು ನಿಮಿಷದಲ್ಲಿ ಆಯಿತು, ಸಂಜೆಗೆ ಸಿಮ್ ಚಾಲೂ. ನನ್ನ ಕ್ಲಾಸಿನ ಹುಡುಗನೊಬ್ಬನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಪೂರ್ತಿ ಖಾಲಿ. ಫಾರ್ಮ್ ಖಾಲಿ ಬಿಡಲು ಬಿಡುವುದಿಲ್ಲ, ಏನಾದರೂ ತುಂಬಿದರೆ ಪಾಸ್‌ಪೋರ್ಟ್‌ಗೆ ಹೊಂದುವುದಿಲ್ಲ. ಅವನು ಕೊನೆಗೆ ಕಂಪನಿಯ ಸ್ವಂತ ಅಂಗಡಿಗೇ ಹೋಗಿ, ಅಲ್ಲಿನವರ ಕೈಯಲ್ಲೇ ತುಂಬಿಸಿಕೊಂಡ. ಪಾಸ್‌ಪೋರ್ಟ್ ಹೀಗಿರುವವರು ನೇರವಾಗಿ ಅಂಗಡಿಗೆ ಹೋಗುವುದೇ ಒಳ್ಳೆಯದು, ಸ್ವಲ್ಪ ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ.

ಆದರೆ ಅಂಗಡಿಗೆ ಹೋದಾಗ ಒಂದು ಎಚ್ಚರ. ಅಲ್ಲಿ ನಿಮಗೆ ಎರಡು ವರ್ಷದ ಕಾಂಟ್ರಾಕ್ಟ್ ಕೊಡಲು ನೋಡುತ್ತಾರೆ, ಜೊತೆಗೆ ಹೊಸ ಫೋನ್. ಮೊದಲ ತಿಂಗಳುಗಳಲ್ಲಿ ದಯವಿಟ್ಟು ಬೇಡ. ಕಾಂಟ್ರಾಕ್ಟ್‌ಗೆ ಬ್ಯಾಂಕ್ ಅಕೌಂಟ್ ಬೇಕು, ಶೂಫಾ ಅನ್ನುವ ಸಂಸ್ಥೆಯಲ್ಲಿ ನಿಮ್ಮ ಸಾಲದ ಚರಿತ್ರೆ ನೋಡುತ್ತಾರೆ, ಹೊಸದಾಗಿ ಬಂದವರಿಗೆ ಅಲ್ಲಿ ಚರಿತ್ರೆಯೇ ಇರುವುದಿಲ್ಲ. ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, 24 ತಿಂಗಳು ಕಟ್ಟಲೇಬೇಕು, ನಡುವೆ ಇಂಟರ್ನ್‌ಶಿಪ್‌ಗೆ ಬೇರೆ ದೇಶಕ್ಕೆ ಹೋದರೂ ಸುಮ್ನೆ ದುಡ್ಡು ಹೋಗುತ್ತಿರುತ್ತದೆ. ಆನ್‌ಲೈನ್‌ನಲ್ಲಿ ಮಾಡಿದ ಕಾಂಟ್ರಾಕ್ಟ್ ಅನ್ನು 14 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡಬಹುದು, ಅಂಗಡಿಯಲ್ಲಿ ಕೂತು ಸಹಿ ಹಾಕಿದ್ದಕ್ಕೆ ಕಾನೂನಿನಲ್ಲಿ ಆ ಹಕ್ಕಿಲ್ಲ. 2021ರ ಡಿಸೆಂಬರ್‌ನಿಂದ ಒಂದು ಒಳ್ಳೆಯ ಬದಲಾವಣೆ ಆಗಿದೆ. ಎರಡು ವರ್ಷ ಮುಗಿದ ಮೇಲೆ ಒಂದು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಬಿಡಬಹುದು. ಮೊದಲು ಮರೆತರೆ ಮತ್ತೆ ಒಂದು ವರ್ಷ ತಾನಾಗಿಯೇ ಮುಂದುವರಿಯುತ್ತಿತ್ತು.

ಪ್ರೀಪೇಯ್ಡ್‌ನಲ್ಲಿ ಪ್ಯಾಕ್ ಹೆಚ್ಚಾಗಿ ನಾಲ್ಕು ವಾರದ್ದು, ತಿಂಗಳದ್ದಲ್ಲ. ವರ್ಷಕ್ಕೆ 13 ಸಲ ಕಟ್ಟಬೇಕು, ಲೆಕ್ಕ ಹಾಕುವಾಗ ನೆನಪಿರಲಿ.

ಡೇಟಾ ಎಷ್ಟು ಬೇಕು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಊರಲ್ಲಿ ದಿನಕ್ಕೆ ಒಂದೂವರೆ ಜಿಬಿ ಉರಿಸಿ ಅಭ್ಯಾಸ ಆದವರಿಗೆ ಇಲ್ಲಿಯ ಪ್ಯಾಕ್ ನೋಡಿದರೆ ಭಯವಾಗುತ್ತದೆ, ಆದರೆ ಹಾಸ್ಟೆಲ್ ಮತ್ತು ಕ್ಯಾಂಪಸ್ ಎರಡರಲ್ಲೂ ವೈಫೈ ಇದೆ, ಬೀದಿಯಲ್ಲಿ ಮ್ಯಾಪು, ಬಸ್ ಟಿಕೆಟ್ ಅಷ್ಟೇ ಬೇಕಾಗುವುದು. ಆಖೆನ್‌ನಿಂದ ಸಿಟಿ ಬಸ್ ಹತ್ತಿದರೆ ನೆದರ್‌ಲ್ಯಾಂಡ್ಸ್‌ನ ಫಾಲ್ಸ್ ಊರಿಗೆ ಇಳಿಯಬಹುದು, ಫೋನ್ ಅಲ್ಲಿಯ ನೆಟ್‌ವರ್ಕ್‌ಗೆ ಹಾರುತ್ತದೆ. ಗಾಬರಿ ಬೇಡ. 2017ರಿಂದ ಯುರೋಪಿಯನ್ ಒಕ್ಕೂಟದೊಳಗೆ ರೋಮಿಂಗ್‌ಗೆ ಬೇರೆ ದುಡ್ಡಿಲ್ಲ. ಸ್ವಿಟ್ಜರ್‌ಲ್ಯಾಂಡ್ ಆ ಒಕ್ಕೂಟದಲ್ಲಿ ಇಲ್ಲ, ಅಲ್ಲಿಗೆ ಹೋಗುವಾಗ ಮಾತ್ರ ಮೊದಲೇ ನಿಮ್ಮ ಪ್ಯಾಕ್ ಓದಿಕೊಳ್ಳಿ.

ನಮ್ಮವರು ಬೆಚ್ಚುವ ಇನ್ನೊಂದು ಜಾಗ ಸಿಮ್ ಪಿನ್. ಇಲ್ಲಿಯ ಸಿಮ್‌ಗೆ ನಾಲ್ಕು ಅಂಕಿಯ ಪಿನ್ ಇರುತ್ತದೆ, ಫೋನ್ ಆಫ್ ಆಗಿ ಆನ್ ಆದರೆ ಕೇಳುತ್ತದೆ. ಮೂರು ಸಲ ತಪ್ಪಿದರೆ ಸಿಮ್ ಲಾಕ್ ಆಗಿ, ಅದನ್ನು ತೆಗೆಯುವ ಪಿಯುಕೆ ಅನ್ನುವ ಕೋಡ್ ಕೇಳುತ್ತದೆ. ಎರಡೂ ಸಿಮ್ ಬಂದ ಪ್ಲಾಸ್ಟಿಕ್ ಕಾರ್ಡ್ ಮೇಲೆ ಇರುತ್ತವೆ. ಅದರ ಫೋಟೋ ತೆಗೆದು ಲ್ಯಾಪ್‌ಟಾಪ್‌ನಲ್ಲೂ ಇಟ್ಟುಕೊಳ್ಳಿ, ಫೋನ್‌ನಲ್ಲಿ ಮಾತ್ರ ಇದ್ದರೆ ಫೋನ್ ತೆಗೆಯಲಾಗದ ಹೊತ್ತಿನಲ್ಲಿ ಸಿಗುವುದಿಲ್ಲ.

ಊರಿನ ನಂಬರ್ ಬಿಡಬೇಡಿ. ಆಧಾರ್, ಊರಿನ ಬ್ಯಾಂಕು, ಎಜುಕೇಷನ್ ಲೋನು, ಎಲ್ಲದರ ಒಟಿಪಿ ಅದಕ್ಕೇ ಬರುವುದು. ಹೊರದೇಶದ ನಂಬರಿನ ಮೇಲೂ ಯುಪಿಐ ಬಳಸಬಹುದು ಅಂತ 2023ರ ಜನವರಿಯಲ್ಲಿ ಹೇಳಿದಾಗ ಹತ್ತು ದೇಶಗಳ ಪಟ್ಟಿ ಬಂತು, ಅದರಲ್ಲಿ ಜರ್ಮನಿ ಇರಲಿಲ್ಲ. ವಿಮಾನ ಹತ್ತುವ ಮೊದಲು ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ಡೇಟಾ ರೋಮಿಂಗ್ ಮಾತ್ರ ಆಫ್ ಇಡಿ. ನನ್ನ ಫೋನ್‌ನಲ್ಲಿ ಎರಡೂ ಸಿಮ್ ಇವೆ, ಊರಿನದಕ್ಕೆ ಒಟಿಪಿ ಬರುತ್ತದೆ, ವಾಟ್ಸಾಪ್ ಕೂಡ ಅದರಲ್ಲೇ ಇದೆ. ಅಪ್ಪ ತಪ್ಪದೆ ರೀಚಾರ್ಜ್ ಮಾಡಿಸುತ್ತಾರೆ. ಮೊದಲ ಮೂರ್ನಾಲ್ಕು ದಿನಕ್ಕೆ ಊರಿನಿಂದಲೇ ಒಂದು ಟ್ರಾವೆಲ್ ಇಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನ್‌ಗೇ ಡೌನ್‌ಲೋಡ್ ಮಾಡುವ ಸಿಮ್, ಹಾಕಿಕೊಂಡು ಬನ್ನಿ. ಅದರಲ್ಲಿ ಜರ್ಮನ್ ನಂಬರ್ ಸಿಗುವುದಿಲ್ಲ, ಡೇಟಾ ಸಿಗುತ್ತದೆ. ನಾನು ಹಾಗೆ ಬಂದಿದ್ದರೆ ಆ ಭಾನುವಾರ ಸ್ಟೇಷನ್ ಕಡೆ ಹೋಗುತ್ತಲೇ ಇರಲಿಲ್ಲ.

ಮುಂದೆ ಕಂಪನಿ ಬದಲಾಯಿಸಿದರೂ ನಂಬರ್ ಜೊತೆಗೆ ಒಯ್ಯಬಹುದು, ಗ್ರಾಹಕರಿಗೆ ಅದು ಉಚಿತ. ಒಂದೇ ಷರತ್ತು, ಹಳೇ ಕಂಪನಿಯಲ್ಲೂ ಹೊಸದರಲ್ಲೂ ಹೆಸರು ಮತ್ತು ಹುಟ್ಟಿದ ದಿನಾಂಕ ಒಂದೇ ಇರಬೇಕು. ಆ ಅಂಗಡಿಯ ಸಿಮ್ ಸಾಯುವ ಮೊದಲೇ ನಾನು ಎಚ್ಚೆತ್ತಿದ್ದರೂ ಆ ನಂಬರ್ ನನಗೆ ಸಿಗುತ್ತಿರಲಿಲ್ಲ.

ಹೋದ ವರ್ಷ ಶಿವಮೊಗ್ಗದ ಹುಡುಗಿಯೊಬ್ಬಳು ಬಂದಳು. ಸೋಮವಾರ ಬೆಳಿಗ್ಗೆ ಇಬ್ಬರೂ ಲಿಡ್ಲ್‌ಗೆ ಹೋಗಿ ಪ್ಯಾಕೆಟ್ ತಂದೆವು. ನಮ್ಮ ಅಡುಗೆಮನೆಯ ಮೇಜಿನ ಮೇಲೆ ಅವಳ ಪಾಸ್‌ಪೋರ್ಟ್ ಬಿಚ್ಚಿಟ್ಟುಕೊಂಡು, ಅದರಲ್ಲಿ ಇದ್ದ ಹಾಗೇ ಅಕ್ಷರ ಅಕ್ಷರ ನೋಡಿ ಫಾರ್ಮ್ ತುಂಬಿದೆವು. ಅವಳದ್ದೂ ಇನಿಷಿಯಲ್ಲೇ, ಮಾರ್ಕ್ಸ್ ಕಾರ್ಡಿನಲ್ಲಿ 'ಎಚ್', ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು. ಪೋಸ್ಟ್ ಆಫೀಸ್‌ನಲ್ಲಿ ಅದೇ ಹೆಂಗಸು ಕೂತಿದ್ದರು. ಕೂಪನ್ ನೋಡಿದರು, ಪಾಸ್‌ಪೋರ್ಟ್ ನೋಡಿದರು, ಸೀಲ್ ಹೊಡೆದರು.