ಹಳೆಯ ಅಪರಾಧಕ್ಕೆ ಸಿಗುವ ಸಣ್ಣ ಶಿಕ್ಷೆ

ಮಡಿಕೇರಿ, 17 ಜುಲೈ 2025, ಗುರುವಾರ

ಚಿಕ್ಕಂದಿನಲ್ಲಿ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿದ್ದಾಗ ಅತ್ಯಾಚಾರಕ್ಕೊಳಗಾದ, ಈಗ ನಡುವಯಸ್ಸಿನ ಕಕ್ಷಿದಾರರೊಬ್ಬರು ಇಂದು ಕೇಳಿದರು: "ಶಿಕ್ಷೆ ಕಡಿಮೆ ಆದ್ರೆ ನಾನೇ ಹೈಕೋರ್ಟಿಗೆ ಅಪೀಲು ಹಾಕ್ಬಹುದಲ್ವಾ ಮೇಡಂ?" ಹಾಕಲಾಗದು ಎಂದು ಹೇಳಬೇಕಾಯಿತು.

ಆರೋಪಿ ಖುಲಾಸೆಯಾದರೆ, ಸಣ್ಣ ಅಪರಾಧಕ್ಕಷ್ಟೇ ದೋಷಿಯಾದರೆ ಅಥವಾ ಪರಿಹಾರ ಸಾಲದಿದ್ದರೆ ಮೇಲ್ಮನವಿ ಸಲ್ಲಿಸುವ ಹಕ್ಕು 2009ರ ಕೊನೆಯಿಂದ ಸಂತ್ರಸ್ತರಿಗಿದೆ. ಶಿಕ್ಷೆಯೇ ಸಾಲದೆಂದು ಕೇಳುವ ಹಕ್ಕು ಮಾತ್ರ ಸರ್ಕಾರದ್ದು. ಸುಪ್ರೀಂ ಕೋರ್ಟ್ 2020ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 413 ಮತ್ತು 418ನೇ ಕಲಮುಗಳೂ ಇದೇ ವ್ಯವಸ್ಥೆಯನ್ನು ಉಳಿಸಿಕೊಂಡಿವೆ. ಇದು ಅನ್ಯಾಯವೆಂದೇ ನನ್ನ ದೃಢ ಅಭಿಪ್ರಾಯ.

ಇಂಗ್ಲೆಂಡಿನಲ್ಲಿಯೂ ಶಿಕ್ಷೆ ಹೆಚ್ಚಿಸಲು ಕೋರುವ ನಿರ್ಧಾರ ಸರ್ಕಾರದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಅವರದೇ, ಆದರೆ ಶಿಕ್ಷೆಯಾದ 28 ದಿನಗಳೊಳಗೆ ಮರುಪರಿಶೀಲನೆ ಕೋರಿ ಯಾರು ಬೇಕಾದರೂ ಅವರಿಗೆ ಬರೆಯಬಹುದು. 1967ರಿಂದ ಎರಡು ದಶಕಗಳ ಅವಧಿಯಲ್ಲಿ 13 ಹುಡುಗಿಯರ ಮೇಲೆ ದೌರ್ಜನ್ಯವೆಸಗಿದ್ದಾಗಿ ಒಪ್ಪಿಕೊಂಡ ಪ್ರಸಾರಕ ಸ್ಟುವರ್ಟ್ ಹಾಲ್‌ಗೆ 2013ರ ಜೂನ್‌ನಲ್ಲಿ 15 ತಿಂಗಳ ಸೆರೆವಾಸವಾದಾಗ, ಆತನಿಗೆ 83 ವರ್ಷವಾಗಿದ್ದರೂ, ಮರುತಿಂಗಳೇ ಮೇಲ್ಮನವಿ ನ್ಯಾಯಾಲಯ ಅದನ್ನು 30 ತಿಂಗಳಿಗೆ ಏರಿಸಿತು.

ಹಳೆಯ ಕೃತ್ಯಕ್ಕೆ ಆ ಕಾಲದ ಕಾನೂನು ವಿಧಿಸುತ್ತಿದ್ದುದಕ್ಕಿಂತ ಹೆಚ್ಚಿನ ಶಿಕ್ಷೆ ಕೂಡದೆಂಬ ಸಂವಿಧಾನದ 20(1)ನೇ ವಿಧಿಯನ್ನು ನಾನು ಮನಸಾರೆ ಒಪ್ಪುತ್ತೇನೆ. ಹಾಗಾಗಿಯೇ 2012ರ ನವೆಂಬರ್ 14ಕ್ಕೆ ಮೊದಲಿನ ಕೃತ್ಯಗಳಿಗೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆಯಾದ ಪೋಕ್ಸೋ ಅನ್ವಯವಾಗದು. ಆದರೆ ಇದರ ಪರಿಣಾಮ ಕಠೋರ. ಮಾನಭಂಗದ ಕುರಿತ, ಹಳೆಯ ಭಾರತೀಯ ದಂಡ ಸಂಹಿತೆಯ 354ನೇ ಕಲಮಿನಲ್ಲಿ 2013ರವರೆಗೆ ಗರಿಷ್ಠ ಶಿಕ್ಷೆ ಎರಡೇ ವರ್ಷವಿದ್ದುದರಿಂದ ಮೂರು ವರ್ಷಗಳ ಕಾಲಮಿತಿಯೂ ಅದಕ್ಕಿತ್ತು. ಹತ್ತರ ಹುಡುಗಿ ಹದಿಮೂರಕ್ಕೇ ದೂರು ಕೊಡಬೇಕಿತ್ತು! ನಮ್ಮ ತೋಟಗಳಲ್ಲಿ, ಕೂಲಿಯೂ ಸೂರೂ ಒಬ್ಬನ ಕೈಯಲ್ಲೇ ಇದ್ದಾಗ, ಯಾವ ಮಗು ಬಾಯಿ ಬಿಟ್ಟೀತು?

ಅತ್ಯಾಚಾರಕ್ಕೆ ಆ ಕಾಲಮಿತಿಯಿಲ್ಲ. ಅಲ್ಲಿ ಎದುರಾಗುವುದು ಕನಿಕರದ ವಾದ: ಆರೋಪಿಗೆ ವಯಸ್ಸಾಗಿದೆ, ಊರಲ್ಲಿ ಒಳ್ಳೆಯ ಹೆಸರಿದೆ, ಘಟನೆ ಬಹಳ ಹಳೆಯದು. ಆ ಹೆಸರು ಉಳಿದಿದ್ದೇ ಸಂತ್ರಸ್ತೆಯ ಮೌನದಿಂದ ಎಂಬುದನ್ನು ಶಿಕ್ಷೆ ನಿಗದಿಪಡಿಸುವವರು ಮರೆಯಬಾರದು. ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಬಾಲಕಿಯ ಮೇಲಿನ ಅತ್ಯಾಚಾರಕ್ಕೆ ವಿಧಿಸಿದ್ದ 10 ವರ್ಷಗಳ ಶಿಕ್ಷೆಯನ್ನು ಹೈಕೋರ್ಟ್ ನಾಲ್ಕಕ್ಕೆ ಇಳಿಸಿದಾಗ, ರಾಜ್ಯ ಸರ್ಕಾರವೇ ಮೇಲ್ಮನವಿ ಸಲ್ಲಿಸಿ, 2000ದಲ್ಲಿ ಸುಪ್ರೀಂ ಕೋರ್ಟಿನಿಂದ 10 ವರ್ಷವನ್ನೇ ಮರಳಿ ಪಡೆಯಿತು.

ಸಾಕ್ಷ್ಯ ಮುಗಿದ ಬಳಿಕ ನ್ಯಾಯಾಲಯದ ಅನುಮತಿಯಿಂದ ಲಿಖಿತ ವಾದ ಸಲ್ಲಿಸಲು ಸಂತ್ರಸ್ತೆಯ ವಕೀಲರಿಗೆ ಅವಕಾಶವಿದೆ. ಈ ತೀರ್ಪನ್ನು ಅದರಲ್ಲಿ ಸೇರಿಸುತ್ತೇನೆ. ಶಿಕ್ಷೆ ಕಡಿಮೆಯಾದರೆ ಅದೇ ದಿನ ಸರ್ಕಾರಿ ಅಭಿಯೋಜಕರ ಕೈಗಿಡಬೇಕಾದ ಮನವಿಯ ಕರಡನ್ನೂ ಇಂದು ಸಂಜೆ ಬರೆದಿಟ್ಟಿದ್ದೇನೆ.