ನಮ್ಮೂರ ಹಳೇ ಸ್ಟೇಷನ್: ಅಳತೆ ಮುಗೀತು, ಟೋಕನ್ ಗುಂಡಿನ ಮಷೀನಿನ ಜಾಗ ಸಿಕ್ತು

ಕೊಪ್ಪಳದಿಂದ ಗದಗ ಕಡೆ ಹೋಗುವ ಲೈನಿನ ಪಕ್ಕ ನಮ್ಮೂರ ಹಳೇ ಸ್ಟೇಷನ್ ಇದೆ. ಈಗ ಅಲ್ಲಿ ಯಾವ ಗಾಡಿಯೂ ನಿಲ್ಲಲ್ಲ. ಮೂರು ಭಾನುವಾರ ಕೂತು ಅದರ ಅಳತೆ ಮುಗಿಸಿದೆ. ಇನ್ನು ರಟ್ಟಿನಲ್ಲಿ ಮಾದರಿ ಮಾಡಬೇಕು, ಅಡಿಗೆ ಕಾಲು ಇಂಚಿನ ಲೆಕ್ಕದಲ್ಲಿ. ಹಳಿಗಳ ನಡುವೆ ಒಂದು ಮೀಟರ್ ಇದ್ದ ಮೀಟರ್ ಗೇಜ್ ಕಾಲದ್ದೇ ಬೇಕು, ಅಂದರೆ ಮಾದರಿಯಲ್ಲಿ ಹಳಿಗಳ ನಡುವೆ ಬರೀ 21 ಮಿಲಿಮೀಟರ್.

ಈ ಲೈನ್ ಹುಟ್ಟಿದ್ದು ಬರದಿಂದ. 1876ರ ಧಾತು ಸಂವತ್ಸರದ ಬರದಲ್ಲಿ ಕಾಳು ಇದ್ದರೂ ಒಳನಾಡಿಗೆ ಮುಟ್ಟಿಸೋಕೆ ಎತ್ತಿನ ಗಾಡಿ ಬಿಟ್ಟರೆ ದಾರಿ ಇರಲಿಲ್ಲ, ಆ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಅದಾದ ಮೇಲೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಶುರುವಾಯಿತು. ಕೊಪ್ಪಳ ಆಗ ನಿಜಾಮರ ಕಡೆ, ಅವರ ದಿವಾನ ಸಾಲಾರ್ ಜಂಗರ ಜಹಗೀರು. ಆಮೇಲೆ 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆ ಜೊತೆ ಸೇರಿತು, 1951ಕ್ಕೆ ದಕ್ಷಿಣ ರೈಲ್ವೆ ಆಯಿತು. 1992ರಲ್ಲಿ ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ, ಅಂದರೆ ಬ್ರಾಡ್ ಗೇಜಿಗೆ ತರೋ ಯೂನಿಗೇಜ್ ಯೋಜನೆ ಬಂತು. ಮುಂದೆ ಹಳಿ ಅಗಲ ಆದಾಗ ನಮ್ಮ ಪ್ಲಾಟ್‌ಫಾರ್ಮ್ ಬದಿಗೆ ಉಳೀತು.

ಟಿಕೆಟ್ ಕಿಟಕಿಯ ಕೆಳಗಿನ ಕಲ್ಲು ನಡುವೆ ತಗ್ಗಾಗಿದೆ. ಬೆರಳಿಟ್ಟರೆ ನುಣ್ಣಗೆ ಜಾರುತ್ತೆ. ಎಷ್ಟು ಕೈ, ಎಷ್ಟು ಚಿಲ್ಲರೆ ಉಜ್ಜಿರಬೇಕು ಅಲ್ವಾ?

ಮಾಸ್ತರರ ಕೋಣೆಯಲ್ಲಿ ಗೋಡೆಗೆ ನಾಲ್ಕು ಬೋಲ್ಟು, ಪಕ್ಕದಲ್ಲಿ ವೈರಿನ ತೂತು. ನಾನು ತಿಜೋರಿ ಜಾಗ ಅಂತ ಬರೆದುಕೊಂಡಿದ್ದೆ. ಈ ಸಲ ಗ್ಯಾಂಗ್‌ಮನ್ ಆಗಿದ್ದ ಅಜ್ಜನನ್ನ ಕರೆದುಕೊಂಡು ಹೋದೆ. ನೋಡಿದ ಕೂಡಲೇ ಹೇಳಿದರು, "ಇದು ಗುಂಡಿನ ಮಷೀನಿಂದು ತಮ್ಮಾ. ಗುಂಡು ಕೈಯಾಗ ಇಲ್ಲಂದ್ರ ಡ್ರೈವರ್ ಗಾಡಿ ಬಿಡ್ತಿರಲಿಲ್ಲ."

ನೀಲ್ಸ್ ಬಾಲ್ ಟೋಕನ್ ಅನ್ನೋದು ಇದೇ, ಟೋಕನ್ ಅಂದರೆ ಗಾಡಿ ಮುಂದಕ್ಕೆ ಬಿಡೋಕೆ ಒಪ್ಪಿಗೆಯ ಗುರುತು. ಒಂದೇ ಹಳಿ, ಎರಡೂ ಕಡೆಯಿಂದ ಗಾಡಿ. ಅಕ್ಕಪಕ್ಕದ ಸ್ಟೇಷನ್ನಿನ ಮಷೀನುಗಳು ವೈರಿನಲ್ಲಿ ಜೋಡಿ. ಆ ಕಡೆಯವರು ಒಪ್ಪಿದರೆ ಮಾತ್ರ ಈ ಕಡೆ ಉಕ್ಕಿನ ಗುಂಡು ಹೊರಗೆ ಬರುತ್ತೆ, ಅದು ವಾಪಸ್ ಮಷೀನಿಗೆ ಬೀಳೋವರೆಗೂ ಎರಡೂ ಕಡೆ ಇನ್ನೊಂದು ಗುಂಡು ಬರಲ್ಲ, ಹಾಗಾಗಿ ಎದುರುಬದುರು ಗಾಡಿ ಬರೋ ಮಾತೇ ಇಲ್ಲ. ಗುಂಡನ್ನ ಚರ್ಮದ ಚೀಲದಲ್ಲಿಟ್ಟು ಬೆತ್ತದ ಬಳೆಗೆ ಕಟ್ಟಿ ಎತ್ತಿ ಹಿಡಿಯೋರು, ನಿಲ್ಲದ ಗಾಡಿಯವರು ತೋಳು ತೂರಿಸಿ ಎಳೆದುಕೊಳ್ಳೋರು. ಅಜ್ಜ ತೋಳು ಬಗ್ಗಿಸಿ ತೋರಿಸಿದರು. ಮಾದರಿಯಲ್ಲಿ ಆ ಬಳೆ ಹಿಡಿದವನೊಬ್ಬ ಇರಲೇಬೇಕು.

ಗಾಡಿ ಬರುವ ಮುಂಚೆ ಬಡಿಯುತ್ತಿದ್ದ ಹಳಿ ತುಂಡಿನ ಕೊಂಡಿ ತೊಲೆಯಲ್ಲಿ ಇನ್ನೂ ಇದೆ, ತುಂಡು ಇಲ್ಲ. ಊರಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ಹೇಳಿ. ಅಳತೆ ತಗೊಂಡು, ಒಂದು ಸಲ ಬಡಿದು ಸದ್ದು ರೆಕಾರ್ಡ್ ಮಾಡಿಕೊಂಡು ಹೋಗ್ತೀನಿ, ಅಷ್ಟೇ.